ಕಹಳೆಯ ಗಾತ್ರವೂ ವ್ರತದ ಪರಿಮಾಣವೂ

ನಮ್ಮ ಸಮಾಜದ ಅನುಕೂಲಸ್ಥ ಗೃಹಸ್ಥರಲ್ಲಿ ಸಂಗೀತಾಭಿರುಚಿಯುಳ್ಳ ಕೆಲವರು ಆಳೆತ್ತರದ ಹಾರ್ನ್ ಸ್ಪೀಕರುಗಳನ್ನು ಮನೆಗೆ ತರಿಸಿಕೊಳ್ಳುತ್ತಿದ್ದಾರೆ. ಕೇವಲ ಅಷ್ಟೇ ಆಗಿದ್ದರೆ ಅದು ಅವರವರ ಇಷ್ಟವೆಂದು ಸುಮ್ಮನಿರಬಹುದಿತ್ತು. ಆದರೆ ಈ ಕೊಳ್ಳುವಿಕೆಗೆ ಧರ್ಮದ ಸಮರ್ಥನೆಯನ್ನೂ ಜೋಡಿಸುವ ಮಾತು ಕೇಳಿಬರುತ್ತಿದೆ. ಹಾರ್ನ್ ಸ್ಪೀಕರಿಗೆ ಅತ್ಯಲ್ಪ ವಿದ್ಯುತ್ತು ಸಾಕು, ಆದುದರಿಂದ ಅದು ಅಲ್ಪಾರಂಭ. ಅರ್ಧ ಶತಮಾನ ಬಾಳುತ್ತದೆ, ಆದುದರಿಂದ ಅದು ಅಲ್ಪಪರಿಗ್ರಹ ಎಂಬುದು ಆ ವಾದ. ಇದನ್ನು ಒಪ್ಪುವುದು ಸಾಧ್ಯವಿಲ್ಲ.

ವಾದದಲ್ಲಿ ಸತ್ಯಾಂಶವೇ ಇಲ್ಲವೆಂದಲ್ಲ. ಸಾಮಾನ್ಯ ಪೆಟ್ಟಿಗೆಯ ಸ್ಪೀಕರು ತನಗೆ ದೊರೆತ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟನ್ನು ಮಾತ್ರ ಶಬ್ದವಾಗಿಸಿ, ಉಳಿದುದನ್ನು ಶಾಖವಾಗಿ ಕಳೆಯುತ್ತದೆ. ಕಿರಿದಾದ ಕಂಠದಿಂದ ಅಗಲವಾದ ಬಾಯಿಯವರೆಗೆ ಕ್ರಮವಾಗಿ ಹಿಗ್ಗುವ ಕಹಳೆಯು ಕಂಪಿಸುವ ಪೊರೆಗೂ ಹೊರಗಿನ ಗಾಳಿಗೂ ಹೊಂದಾಣಿಕೆಯನ್ನು ಒದಗಿಸುವುದರಿಂದ, ಈ ಪಾಲು ಹತ್ತಕ್ಕೆ, ಇಪ್ಪತ್ತಕ್ಕೆ, ಕೆಲವೊಮ್ಮೆ ಅದಕ್ಕೂ ಮೇಲಕ್ಕೆ ಏರುತ್ತದೆ. ಪೊರೆಯ ಚಲನೆ ಅಲ್ಪವಾದುದರಿಂದ ನಾದದ ವಿಕೃತಿಯೂ ಕಡಿಮೆ. ಮಾತಿನ ಚಲನಚಿತ್ರಗಳು ಕಾಲಿಟ್ಟ 1920ರ ದಶಕದ ಕೊನೆಯಲ್ಲಿ, ಆಂಪ್ಲಿಫೈಯರುಗಳು ಕೆಲವೇ ವ್ಯಾಟ್ ಕೊಡುತ್ತಿದ್ದಾಗ, ದೊಡ್ಡ ಚಿತ್ರಮಂದಿರಗಳನ್ನು ನಾದದಿಂದ ತುಂಬಿದುದು ಕಹಳೆಯೇ. ಆಲ್ಟೆಕ್ ಲ್ಯಾನ್ಸಿಂಗ್ ಸಂಸ್ಥೆ 1945ರಲ್ಲಿ ಹೊರತಂದ ‘ವಾಯ್ಸ್ ಆಫ್ ದಿ ಥಿಯೇಟರ್’ ಶ್ರೇಣಿ, ಹೆಸರೇ ಹೇಳುವಂತೆ, ಪರದೆಯ ಹಿಂದೆ ನಿಲ್ಲಬೇಕಾದುದು. ಇಂದು ಅದನ್ನು ಹಜಾರದಲ್ಲಿ ನಿಲ್ಲಿಸಿಕೊಳ್ಳುವವರಿದ್ದಾರೆ. ಮನೆಗೆಂದೇ ರಚಿತವಾದವುಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ ಪಾಲ್ ಕ್ಲಿಪ್ಶ್ ಅವರು 1940ರ ದಶಕದಲ್ಲಿ ರೂಪಿಸಿದ ಕ್ಲಿಪ್ಶ್‌ಹಾರ್ನ್. ಕಹಳೆಯನ್ನು ಪೆಟ್ಟಿಗೆಯೊಳಗೆ ಮಡಿಸಿ, ಕೋಣೆಯ ಮೂಲೆಯ ಎರಡು ಗೋಡೆಗಳನ್ನೇ ಅದರ ಮುಂದುವರಿಕೆಯಾಗಿ ಬಳಸಿಕೊಂಡ ಆ ಬುದ್ಧಿವಂತಿಕೆಯನ್ನು ಮೆಚ್ಚಲೇಬೇಕು.

ಈಗ ವಿದ್ಯುತ್ತಿನ ಲೆಕ್ಕವನ್ನು ನೋಡೋಣ. ಕ್ಲಿಪ್ಶ್‌ಹಾರ್ನಿಗೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 105 ಡೆಸಿಬೆಲ್ ಶಬ್ದ ಹೊರಡುತ್ತದೆಂದು ತಯಾರಕರು ಹೇಳುತ್ತಾರೆ. ಸಾಧಾರಣ ಸ್ಪೀಕರಿನಲ್ಲಿ ಇದು 87ರ ಆಸುಪಾಸು. ಮೂರು ಮೀಟರ್ ದೂರದಲ್ಲಿ ಕುಳಿತು ಸರಾಸರಿ 80 ಡೆಸಿಬೆಲ್‌ನಲ್ಲಿ ಕೇಳುವವನಿಗೆ, ಮನೆಗೆ ಇದೇ ಹೆಚ್ಚು, ಕಹಳೆಗೆ ಒಂದು ವ್ಯಾಟಿನ ಮೂವತ್ತರಲ್ಲೊಂದು ಪಾಲು ಸಾಕು. ಸಾಧಾರಣ ಸ್ಪೀಕರಿಗೆ ಎರಡು ವ್ಯಾಟ್ ಬೇಕು. ನಾದವು ಥಟ್ಟನೆ ಏರುವ ಕ್ಷಣಗಳಿಗೆ ಎರಡಕ್ಕೂ ಇದರ ನೂರು ಪಾಲು ಬೇಕಾದೀತು, ಆದರೆ ಅದು ಕ್ಷಣಮಾತ್ರ. ಅಂತೂ ಉಳಿತಾಯವಾದುದು ಒಂದು ಪುಟ್ಟ ಎಲ್‌ಇಡಿ ದೀಪದಷ್ಟು ವಿದ್ಯುತ್ತು! ಇಷ್ಟು ಉಳಿಸಿದ ಮಹನೀಯರೇ ಕಹಳೆಗೆ ಜೋಡಿಯೆಂದು ವಾಲ್ವ್ ಆಂಪ್ಲಿಫೈಯರನ್ನು ಕೊಳ್ಳುತ್ತಾರೆ. ಎಂಟು ವ್ಯಾಟ್ ಹೊರಗೆ ಕೊಡಲು ಅದು ಗೋಡೆಯಿಂದ ಸುಮಾರು ನೂರು ವ್ಯಾಟ್ ಅಥವಾ ಅದಕ್ಕೂ ಮಿಗಿಲಾಗಿ ಎಳೆಯುತ್ತದೆ, ಹಾಡು ನಿಂತ ಮೇಲೂ ಎಳೆಯುತ್ತಿರುತ್ತದೆ. ರಾತ್ರಿ ಆ ಬೆಳಕಿನತ್ತ ಬಂದು ಕಾದ ಗಾಜಿಗೆ ತಗುಲಿ ಸಾಯುವ ಹುಳುಗಳ ಮಾತು ಬೇರೆ. ದೀಪ ಹಚ್ಚುವಲ್ಲಿಯೂ ಜೀವರಕ್ಷೆಯನ್ನು ಯೋಚಿಸುವ ಸಂಪ್ರದಾಯದವರು ಇದನ್ನು ಅಲ್ಪಾರಂಭ ಎನ್ನಬಹುದೇ?

ಗಾತ್ರದ ಪ್ರಶ್ನೆ ಇನ್ನೂ ಗಂಭೀರವಾದುದು. 40 ಹರ್ಟ್ಸ್‌ನ ಮಂದ್ರಸ್ವರದ ಅಲೆಯ ಉದ್ದ ಎಂಟೂವರೆ ಮೀಟರ್, ಅಂದರೆ ಸುಮಾರು 28 ಅಡಿ. ಆ ಸ್ವರವನ್ನು ಹೊರಡಿಸುವ ಕಹಳೆಯ ಬಾಯಿಯೂ ಅದಕ್ಕೆ ತಕ್ಕಂತಿರಬೇಕಾದುದರಿಂದ ಅದು ಚಿಕ್ಕದಾಗಲಾರದು. ಹಲವು ಕಹಳೆಗಳ ದೊಡ್ಡ ಸ್ಪೀಕರನ್ನು ಹನ್ನೆರಡು ಅಡಿಯ ಕೋಣೆಯಲ್ಲಿಟ್ಟು ಹತ್ತಿರ ಕುಳಿತರೆ, ಮೇಲಿನ ಸ್ವರ ಒಂದು ಕಡೆಯಿಂದಲೂ ಕೆಳಗಿನ ಸ್ವರ ಇನ್ನೊಂದು ಕಡೆಯಿಂದಲೂ ಬೇರೆಬೇರೆಯಾಗಿ ಕೇಳಿಸುತ್ತವೆ. ಆಗ ಕೊಂಡವನು ಕಹಳೆಯನ್ನು ಹಿಂದಿರುಗಿಸುವುದಿಲ್ಲ, ಗೋಡೆಯನ್ನು ಕೆಡವುತ್ತಾನೆ. ಸಂಗೀತಕ್ಕೆಂದು ಬಂದ ವಸ್ತುವಿಗಾಗಿ ಮನೆಯೇ ಬದಲಾಗುತ್ತದೆ. ತನ್ನ ಹೊಲಗಳ ಸಂಖ್ಯೆಗೆ ಮಿತಿ ಹಾಕಿಕೊಂಡವನು ಪಕ್ಕದ ಹೊಲವನ್ನು ಕೊಂಡು, ನಡುವಣ ಬೇಲಿಯನ್ನು ಕಿತ್ತು ಎರಡನ್ನೂ ಒಂದೇ ಎಂದು ಎಣಿಸುವುದನ್ನು ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಎರಡು ಕೋಣೆಗಳ ನಡುವಣ ಗೋಡೆಗೂ ಈ ಮಾತು ಸಲ್ಲುತ್ತದೆ.

ಇಲ್ಲಿ ಇನ್ನೊಂದು ಪಕ್ಷದವರಿಗೂ ಒಂದು ಮಾತು ಹೇಳತಕ್ಕದ್ದಿದೆ. ಶ್ರಾವಕನಿಗೆ ಸಂಗೀತವೇ ಸಲ್ಲದು, ಇಂಥ ಯಂತ್ರಗಳನ್ನು ಹೊಸ್ತಿಲು ದಾಟಿಸಲೇಬಾರದು ಎನ್ನುವವರು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ತೆರೆದು ನೋಡಲಿ. ಭೋಗೋಪಭೋಗ ಪರಿಮಾಣದ ಪ್ರಕರಣದಲ್ಲಿ ಆಹಾರ, ವಾಹನ, ಹಾಸಿಗೆ, ವಸ್ತ್ರ, ಆಭರಣಗಳ ಸಾಲಿನಲ್ಲಿಯೇ ಸಂಗೀತವೂ ಗೀತವೂ ಬರುತ್ತವೆ. ಇವುಗಳಿಗೆ ದಿನ, ಪಕ್ಷ, ಮಾಸ, ಋತು ಎಂದು ಕಾಲವನ್ನು ಗೊತ್ತುಮಾಡಿಕೊಂಡು ನಿಯಮ ಹಿಡಿಯಬೇಕೆಂಬುದು ಅಲ್ಲಿಯ ವಿಧಿ. ಗೃಹಸ್ಥನು ಹಾಡು ಕೇಳುತ್ತಾನೆಂಬುದನ್ನು ಆಚಾರ್ಯರು ಬಲ್ಲರು. ಎಷ್ಟು ಎಂಬುದನ್ನು ಅವನೇ ಮೊದಲು ನಿಶ್ಚಯಿಸಲಿ ಎನ್ನುತ್ತಾರೆ.

ಅದೇ ಪ್ರಕರಣದಲ್ಲಿ ಈ ವ್ರತದ ಐದು ಅತಿಚಾರಗಳೂ ಇವೆ. ವಿಷಯದಲ್ಲಿ ಉಪೇಕ್ಷೆ ಹುಟ್ಟದಿರುವುದು, ಅನುಭವಿಸಿದುದನ್ನೇ ಮರಳಿ ಮರಳಿ ನೆನೆಯುವುದು, ಅತಿಯಾದ ಲಾಲಸೆ, ಮುಂದೆ ದೊರೆಯಬೇಕಾದುದರ ತೃಷೆ, ಮಿತಿಮೀರಿದ ಅನುಭವ. ದುಬಾರಿ ಧ್ವನಿಯಂತ್ರಗಳ ಗೀಳು ಹಿಡಿದವನ ದಿನಚರಿಯನ್ನು ಇದಕ್ಕಿಂತ ನಿಖರವಾಗಿ ಯಾರೂ ಬರೆದಿಲ್ಲ. ಅವನು ಹಾಡನ್ನು ಕೇಳುತ್ತಿರುವಾಗ ಮನಸ್ಸು ಮಾರಿದ ಹಳೆಯ ಸ್ಪೀಕರಿನಲ್ಲಿರುತ್ತದೆ, ಇಲ್ಲವೇ ಬರಲಿರುವ ಹೊಸ ಡ್ರೈವರಿನಲ್ಲಿರುತ್ತದೆ. ಐವತ್ತು ವರ್ಷ ಬಾಳುತ್ತದೆಂಬ ಎರಡನೆಯ ವಾದ ಬೀಳುವುದು ಇಲ್ಲಿಯೇ. ವಸ್ತು ಬಾಳೀತು, ಒಡೆಯನು ಬಾಳಗೊಡಬೇಕಲ್ಲ! ಹಲವು ಲಕ್ಷ ರೂಪಾಯಿಯ ಜೋಡಿಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವವನ ಬಾಯಲ್ಲಿ ಆ ಮಾತು ಶೋಭಿಸದು. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ ಗುರುತಿಸಿದುದರ ಅರ್ಥ ಇಂಥಲ್ಲಿ ತಿಳಿಯುತ್ತದೆ. ತಂದೆಯಿಂದ ಬಂದ ಒಂದು ಜೋಡಿ ಕಹಳೆಯನ್ನು ಮಗನೂ ತೃಪ್ತಿಯಿಂದ ಕೇಳುತ್ತಿರುವ ಮನೆಯಿದ್ದರೆ ಅದರ ಮೇಲೆ ನನ್ನ ಆಕ್ಷೇಪವಿಲ್ಲ.

ಆದ್ದರಿಂದ ಪರಿಮಾಣ ಅಂಗಡಿಗೆ ಹೋಗುವ ಮೊದಲೇ ನಿಶ್ಚಿತವಾಗಬೇಕು. ಕೊಂಡ ಮೇಲೆ ಹಾಕಿಕೊಳ್ಳುವ ಮಿತಿ ಕೊಂಡುದರ ಅಳತೆಯನ್ನೇ ಹಿಡಿಯುತ್ತದೆ. ಇರುವ ಕೋಣೆಗೆ ಎಷ್ಟು ಗಾತ್ರ ಒಪ್ಪುವುದು, ದಿನಕ್ಕೆ ಎಷ್ಟು ಹೊತ್ತು, ಹೊಸದು ಬಂದರೆ ಹಳೆಯದು ಯಾರಿಗೆ ಎಂಬುದನ್ನು ಮನೆಯವರ ಮುಂದೆ ಹೇಳಿಯೇ ಹೊರಡಲಿ. ನೆರೆಮನೆಯ ಗೋಡೆಯೂ ಈ ಲೆಕ್ಕದಲ್ಲಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್. ಖಾಸಗಿ ಧ್ವನಿಯಂತ್ರದ ಶಬ್ದ ಮನೆಯ ಎಲ್ಲೆಯಲ್ಲಿ ಇದನ್ನು ಐದಕ್ಕಿಂತ ಹೆಚ್ಚು ಮೀರುವಂತಿಲ್ಲ. ಪಂಚಕಲ್ಯಾಣದಲ್ಲಿ ಬಸದಿಯ ಸುತ್ತ ಕಂಬ ಕಂಬಕ್ಕೆ ಅಲ್ಯೂಮಿನಿಯಂ ಕಹಳೆ ಕಟ್ಟಿಸುವ ಸಮಿತಿಗಳಿಗೂ ಈ ನಿಯಮಗಳು ಅನ್ವಯಿಸುತ್ತವೆ. ಸಮವಸರಣದಲ್ಲಿಯೂ ದೇವದುಂದುಭಿ ಮೊಳಗಿತ್ತೆಂದು ಉತ್ತರಿಸುವವರಿದ್ದಾರೆ. ಆ ದುಂದುಭಿಯಿಂದ ಯಾವ ರೋಗಿಯ ನಿದ್ರೆಯೂ ಕೆಟ್ಟುದಾಗಿ ಪುರಾಣಗಳು ಹೇಳುವುದಿಲ್ಲ.

ಮಾರುವವನನ್ನು ಕೇಳಬೇಕಾದುದೂ ಇದೆ. ಹಳೆಯ ಕೆಲವು ಡ್ರೈವರುಗಳಲ್ಲಿ, ಅವುಗಳ ಮಾದರಿಯಲ್ಲಿ ಈಗ ತಯಾರಾಗುವ ಕೆಲವದರಲ್ಲಿಯೂ, ಕಾಗದದ ಕೋನಿನ ಅಂಚಿಗೆ ಚರ್ಮದ ಪಟ್ಟಿ ಇರುತ್ತದೆ. ಅದನ್ನು ಕೇಳದೆ ಕೊಂಡು, ಚರ್ಮದ ಪಾದರಕ್ಷೆಯನ್ನು ಬಸದಿಯ ಹೊರಗೆ ಬಿಟ್ಟು ಬಂದೆನೆಂದು ಸಮಾಧಾನಪಡುವುದರಲ್ಲಿ ಅರ್ಥವಿಲ್ಲ. ಮತ್ತೆ, ಅಂಗಡಿಯವರು ಸಾಮಾನ್ಯವಾಗಿ ಜೋರಾಗಿ ನುಡಿಸಿ ತೋರಿಸುತ್ತಾರೆ. ಒಳ್ಳೆಯ ಕಹಳೆಯ ನಿಜವಾದ ಗುಣ ಮೆಲುದನಿಯಲ್ಲಿಯೂ ತಂಬೂರಿಯ ಎಳೆ, ಗಾಯಕನ ಉಸಿರು ಅಳಿಯದೆ ಕೇಳಿಸುವುದು. ಆದುದರಿಂದ ಇಬ್ಬರು ಪಕ್ಕದಲ್ಲಿ ಕುಳಿತು ಮಾತನಾಡಬಹುದಾದಷ್ಟು ಇಳಿಸಿ ನುಡಿಸಿರೆಂದು ಕೇಳಿ, ಒಂದು ಪೂರ್ಣ ರಾಗವನ್ನು ಆ ಮಟ್ಟದಲ್ಲಿಯೇ ಆಲಿಸಿ. ಅಷ್ಟರಲ್ಲಿ ಬೇಸರ ಹುಟ್ಟಿ, ಕೈ ಗುಂಡಿಯ ಕಡೆಗೆ ಹೋದರೆ, ಆ ಜೋಡಿಯನ್ನು ಅಲ್ಲಿಯೇ ಬಿಟ್ಟು ಬರಬಹುದು.