ತಮ್ಮನ ಕೀ ಕೊಡುವ ವಾಚುಗಳು

ಹೋದ ವರ್ಷ ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿದ್ದೆ. ಒಂದು ದಿನ ಮಗುವಿಗೆ ನೀರು ಹಾಕಿ ಮಲಗಿಸಿದ್ದೇ ತಡ, ಅವಳು ಒಂದು ಡಬ್ಬಿ ತಂದು ಮುಂದಿಟ್ಟಳು. “ನೋಡಿ ಅತ್ತಿಗೆ, ಸಂಬಳವೆಲ್ಲ ಈ ಹಳೇ ವಾಚಿಗೇ ಸುರೀತಾರೆ!” ಒಳಗೆ ಹನ್ನೊಂದು ಕೈಗಡಿಯಾರ. ಒಂದಕ್ಕೂ ಬ್ಯಾಟರಿ ಇಲ್ಲ, ಎಲ್ಲವೂ ಕೀ ಕೊಡುವಂಥವು. ನನಗೂ ಸಿಟ್ಟೇ ಬಂತು.

ಭಾನುವಾರ ತಮ್ಮ ನನ್ನನ್ನು ಹತ್ತಿರದ ಫೋರ್ಟ್ಸ್‌ಹೈಮ್‌ಗೆ ಕರೆದುಕೊಂಡು ಹೋದ. ಒಡವೆಗೂ ವಾಚಿಗೂ ಹೆಸರಾದ ಊರು. 1945ರ ಫೆಬ್ರವರಿ 23ರ ರಾತ್ರಿ ಬ್ರಿಟಿಷ್ ವಿಮಾನಗಳು ಹಾಕಿದ ಬಾಂಬಿಗೆ ಇಲ್ಲಿ 17,000ಕ್ಕೂ ಹೆಚ್ಚು ಜನ ಸತ್ತರು. ಉಳಿದವರು ಕಾರ್ಖಾನೆಗಳನ್ನು ಮತ್ತೆ ಕಟ್ಟಿದರು. ಇಲ್ಲಿನ ‘ಲಾಕೋ’ ವಾಚಿನ ಕಂಪನಿಯನ್ನು 1925ರಲ್ಲಿ ಶುರುಮಾಡಿದ ಇಬ್ಬರಲ್ಲಿ ಒಬ್ಬಾಕೆ ಹೆಂಗಸು, ಫ್ರೀಡಾ ಲಾಖರ್. ಆಕೆಯ ಮನೆತನದ ಹೆಸರೇ ವಾಚಿಗೂ ಬಂತು. 1970ರ ದಶಕದಲ್ಲಿ ಕ್ವಾರ್ಟ್ಜ್ ವಾಚುಗಳು ಬಂದ ಮೇಲೆ ಎಷ್ಟೋ ಕಾರ್ಖಾನೆಗಳು ಮುಚ್ಚಿದವು. ತಮ್ಮ ಕೂಡಿಡುವುದು ಅದಕ್ಕೂ ಹಿಂದಿನ ಲಾಕೋ, ಸ್ಟೋವಾ ವಾಚುಗಳನ್ನು.

“ಇಷ್ಟೊಂದು ಯಾಕೋ?” ಅಂದೆ.

“ಅಪ್ಪನ ವಾಚು ಇದ್ದಿದ್ರೆ ಒಂದೇ ಸಾಕಿತ್ತಕ್ಕಾ” ಅಂದ.

ಎದೆ ಧಸಕ್ಕೆಂದಿತು. ಅಪ್ಪ ತೀರಿಕೊಂಡ ವರ್ಷ, ನಿಂತುಹೋಗಿದ್ದ ಅವರ ಎಚ್ಎಂಟಿ ವಾಚನ್ನು ಹಳೇ ಬಟ್ಟೆಗಳ ಜೊತೆ ಪಾತ್ರೆಯವಳಿಗೆ ಕೊಟ್ಟು ಸ್ಟೀಲ್ ಡಬ್ಬ ತೆಗೆದುಕೊಂಡವಳು ನಾನೇ. ಆ ಡಬ್ಬದಲ್ಲಿ ಈಗಲೂ ಸಕ್ಕರೆ ತುಂಬಿಡುತ್ತೇನೆ. ತಮ್ಮ ಒಂದು ದಿನವೂ ಕೇಳಿರಲಿಲ್ಲ.

ಹಳೇ ವಾಚು ಕೊಳ್ಳುವಾಗ ಅವನು ಹಿಂದಿನ ಮುಚ್ಚಳ ತೆಗೆಸಿ ನೋಡುತ್ತಾನೆ. ಒಳಗಿನ ಯಂತ್ರ ಆ ಕಂಪನಿ ಬಳಸುತ್ತಿದ್ದದ್ದೇ ಆಗಿರಬೇಕು. ಡಯಲು ಹೊಸದರಂತೆ ಹೊಳೆದರೆ ಮತ್ತೆ ಬಣ್ಣ ಬಳಿದಿರಬಹುದು. ಸ್ವಲ್ಪ ಮಾಸಿದ್ದರೂ ಮೊದಲಿನ ಡಯಲಿಗೇ ಬೆಲೆ.

ನಿಮ್ಮ ಪೆಟ್ಟಿಗೆಯಲ್ಲೂ ಹಿರಿಯರ ವಾಚು ಇದ್ದರೆ ನೆನಪಿಡಿ: ವರ್ಷಗಟ್ಟಲೆ ನಿಂತದ್ದಕ್ಕೆ ತಕ್ಷಣ ಕೀ ಕೊಡಬೇಡಿ. ಒಳಗಿನ ಎಣ್ಣೆ ಒಣಗಿರುತ್ತದೆ, ಮೊದಲು ಬಲ್ಲವರಿಂದ ಬಿಚ್ಚಿಸಿ ಶುಚಿ ಮಾಡಿಸಿ. ಆಮೇಲೆ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ, ಬಿಗಿಯಾದೊಡನೆ ನಿಲ್ಲಿಸಿ. ಪಾತ್ರೆ ತೊಳೆಯುವಾಗ ಬಿಚ್ಚಿಡಿ. ಅಯಸ್ಕಾಂತವಿರುವ ಸ್ಪೀಕರಿನ ಹತ್ತಿರ ಇಡಬೇಡಿ.

ಮತ್ತೆ, ಯಾವುದನ್ನಾದರೂ ಪಾತ್ರೆಯವಳಿಗೆ ಹಾಕುವ ಮುಂಚೆ ಒಡಹುಟ್ಟಿದವರನ್ನು ಒಂದು ಮಾತು ಕೇಳಿ.