ವೇದಾವತಿಯ ದಂಡೆಯಲ್ಲಿ ಸೈಕಲ್ ಪಯಣ

ಯುರೋಪು ಖಂಡದ ಡ್ಯಾನ್ಯೂಬ್ ನದಿಯ ಗುಂಟ, ಜರ್ಮನಿಯ ಪಾಸೌ ಪಟ್ಟಣದಿಂದ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದವರೆಗೆ 300 ಕಿಲೋಮೀಟರಿಗೂ ಮಿಕ್ಕಿದ ಸೈಕಲ್ ದಾರಿಯೊಂದಿದೆ. ಹಿಂದಿನ ಕಾಲದಲ್ಲಿ ಪ್ರವಾಹಕ್ಕೆ ಎದುರಾಗಿ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕುದುರೆಗಳ ಜಾಡೇ ಹಲವೆಡೆ ಇಂದು ಸೈಕಲ್ ಸವಾರರ ಹಾದಿಯಾಗಿದೆ. ಮೆಲ್ಕ್ ಮತ್ತು ಕ್ರೆಮ್ಸ್ ಪಟ್ಟಣಗಳ ನಡುವಣ ವಾಖಾವ್ ಕಣಿವೆಯಲ್ಲಿ ಬೆಟ್ಟದ ಇಳಿಜಾರಿಗೆ ಕಲ್ಲಿನ ಒಡ್ಡು ಕಟ್ಟಿ ದ್ರಾಕ್ಷಿ ಬೆಳೆದಿದ್ದಾರೆ. 2000ನೆಯ ಇಸವಿಯಲ್ಲಿ ಯುನೆಸ್ಕೋ ಸಂಸ್ಥೆ ಈ ಕಣಿವೆಯನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅಲ್ಲಿ ತಾಯಿತಂದೆಯರು ಮಕ್ಕಳೊಡನೆ, ಮುದುಕರು ತಮ್ಮ ಓರಗೆಯವರೊಡನೆ ಸೈಕಲ್ ತುಳಿಯುತ್ತ ತಮ್ಮ ನಾಡನ್ನು ನೋಡುತ್ತಾರೆ. ಸೈಕಲ್ಲು ಬಡತನದ ಗುರುತೆಂದು ಅಲ್ಲಿ ಯಾರೂ ಬಗೆಯುವುದಿಲ್ಲ.

ಇಂಥ ನೋಟಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮದೇ ನಾಡಿನ ಕೃಷ್ಣಾ ತೀರದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ದ್ರಾಕ್ಷಿಯೂ ಉಂಟು, ಸೈಕಲ್ಲೂ ಉಂಟು. ಚಳಿಗಾಲ ಕಳೆಯುವ ಹೊತ್ತಿಗೆ ತಿಕೋಟಾ, ಬಬಲೇಶ್ವರದ ಕಡೆಯ ತೋಟಗಳಲ್ಲಿ ಗೊಂಚಲು ತೂಗುತ್ತವೆ. ದ್ರಾಕ್ಷಿಯೆಂದೊಡನೆ ಮದ್ಯದ ನೆನಪಾಗಿ ನಮ್ಮ ಮನೆಗಳ ಹಿರಿಯರು ಮುಖ ಸಿಂಡರಿಸಬಹುದು. ಸರ್ಕಾರ 2007ರಲ್ಲಿ ದ್ರಾಕ್ಷಾರಸಕ್ಕೆಂದೇ ಒಂದು ನೀತಿಯನ್ನು ರೂಪಿಸಿದ್ದೂ ನಿಜ. ಆದರೆ ವಿಜಯಪುರದ ಬೆಳೆಯ ಬಹುಪಾಲು ನೆರಳಿನ ಮನೆಗಳಲ್ಲಿ, ಬಲೆಯ ಅಟ್ಟಣೆಗಳ ಮೇಲೆ ಒಣಗಿ ಒಣದ್ರಾಕ್ಷಿಯಾಗುತ್ತದೆ. ನಮ್ಮ ಪಾಯಸಕ್ಕೂ ಪ್ರಸಾದಕ್ಕೂ ಬರುವುದು ಅದೇ.

ಅದೇ ಸೀಮೆಯ ರೈತರ ಮಕ್ಕಳು ಸೈಕಲ್ ಪಂದ್ಯಗಳಲ್ಲಿ ರಾಜ್ಯಕ್ಕೆ ಕೀರ್ತಿ ತಂದಿದ್ದಾರೆ. ಊರ ಜಾತ್ರೆಗಳಲ್ಲಿ ಕುಸ್ತಿಯಂತೆ ಸೈಕಲ್ ಸ್ಪರ್ಧೆಯೂ ನಡೆಯುತ್ತದೆ. ಸೈಕಲ್ ಪಟುಗಳಿಗೆಂದೇ ಕ್ರೀಡಾ ವಸತಿನಿಲಯಗಳು ತೆರೆದವು. ಮಳೆ ಕಡಿಮೆ, ಬಿಸಿಲು ಹೆಚ್ಚು, ದಾರಿ ಉದ್ದ ಎಂಬ ಕೊರತೆಗಳನ್ನೇ ಅಲ್ಲಿಯ ಮಕ್ಕಳು ಅಭ್ಯಾಸದ ಅಂಗಳವನ್ನಾಗಿ ಮಾಡಿಕೊಂಡರು.

ಮಳೆ, ಬಿಸಿಲು, ದಾರಿಗಳ ಮಾತಿನಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳೂ ಹಿಂದೆ ಬಿದ್ದವಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿನಲ್ಲಿ ಇವೂ ಸೇರಿವೆ. ನಮಗೂ ನದಿಯಿದೆ. ಬಾಬಾಬುಡನ್ ಗಿರಿಯ ಸೀಮೆಯಲ್ಲಿ ಹುಟ್ಟಿದ ವೇದಾ ಮತ್ತು ಅವತಿ ಹೊಳೆಗಳು ಕೂಡಿ ವೇದಾವತಿಯಾಗಿ, ಹಿರಿಯೂರಿನ ಮೇಲೆ ಚಳ್ಳಕೆರೆ ತಾಲ್ಲೂಕಿಗೆ ಬರುತ್ತಾಳೆ. ಪರಶುರಾಂಪುರವನ್ನು ದಾಟಿ ಆಂಧ್ರವನ್ನು ಹೊಕ್ಕು, ಮರಳಿ ಬಳ್ಳಾರಿ ಜಿಲ್ಲೆಯಲ್ಲಿ ಹಗರಿಯೆಂಬ ಹೆಸರಿನಿಂದ ಹರಿದು ತುಂಗಭದ್ರೆಯನ್ನು ಸೇರುತ್ತಾಳೆ. ಈ ನದಿಗೆ ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದುದು ಬಿಟ್ಟರೆ, ಮತ್ತೆ ಕೋಡಿ ಬಿದ್ದುದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ! ಒಂದಿಡೀ ತಲೆಮಾರು ತುಂಬಿದ ವೇದಾವತಿಯ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿತ್ತೇ ಹೊರತು ಕಣ್ಣಾರೆ ಕಂಡಿರಲಿಲ್ಲ. 2025ರ ಜನವರಿಯಲ್ಲಿ ಆ ಭಾಗ್ಯ ಇನ್ನೊಮ್ಮೆ ಒದಗಿತು.

ಕಾರಿನಲ್ಲಿ ಕುಳಿತು ಸೇತುವೆ ದಾಟುವವನಿಗೆ ನದಿ ಅರೆನಿಮಿಷದ ನೋಟ. ಸೈಕಲ್ಲಿನ ಮೇಲೆ ಬೆಳಗೆರೆಯಿಂದ ಪರಶುರಾಂಪುರದ ಕಡೆಗೆ ಸಾಗುವವನಿಗೆ ಅದು ಅರ್ಧ ದಿನದ ಪಾಠ. ಮರಳು ತೆಗೆದ ಗುಂಡಿ ಎಲ್ಲಿದೆ, ಬಳ್ಳಾರಿ ಜಾಲಿ ಎಲ್ಲಿ ಪಾತ್ರವನ್ನು ಕಬಳಿಸಿದೆ, ಯಾವ ತೋಟದ ಅಡಕೆ ಚೇತರಿಸಿಕೊಂಡಿದೆ, ಯಾವುದು ಸುಳಿ ಒಣಗಿ ನಿಂತಿದೆ ಎಂಬುದೆಲ್ಲ ಗಾಲಿಯ ವೇಗಕ್ಕೆ ಸರಿಯಾಗಿ ಕಣ್ಣಿಗೆ ಬೀಳುತ್ತದೆ. ಬೆಳಗೆರೆಯಲ್ಲಿ ಸವಾರ ತುಸು ಇಳಿಯಬೇಕು. 'ಯೇಗ್ದಾಗೆಲ್ಲಾ ಐತೆ' ಕೃತಿಯ ಕರ್ತೃ ಬೆಳಗೆರೆ ಕೃಷ್ಣಶಾಸ್ತ್ರಿಗಳು ಹಳ್ಳಿಯ ಮಕ್ಕಳಿಗಾಗಿ ಶಾಲೆ ತೆರೆದ ಊರು ಅದು.

ಇನ್ನೊಂದು ದಾರಿ ಚಳ್ಳಕೆರೆಯಿಂದ ನಾಯಕನಹಟ್ಟಿಗೆ. ಎಣ್ಣೆ ಗಿರಣಿಗಳ ಶೇಂಗಾ ವಾಸನೆಯನ್ನು ಹಿಂದೆ ಬಿಟ್ಟು, ಅಮೃತಮಹಲ್ ಕಾವಲಿನ ಬಯಲನ್ನು ಹಾಯ್ದು ಹೋಗಬೇಕು. ದನಕುರಿಗಳು ಮೇಯುತ್ತಿದ್ದ ಈ ಕಾವಲುಗಳ ಬಹುಭಾಗ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಬೇಲಿಯೊಳಗಿದೆ. ಮರುಬಳಕೆಯ ಬಾಹ್ಯಾಕಾಶ ವಾಹನವನ್ನು ತಾನಾಗಿ ನೆಲಕ್ಕಿಳಿಸುವ ಪ್ರಯೋಗವನ್ನು ಇಸ್ರೋ 2023ರ ಏಪ್ರಿಲ್ 2ರಂದು ನಡೆಸಿದ್ದು ಇಲ್ಲಿಯೇ. ಕಂಬಳಿ ನೇಯುವವರ ಕುರಿಗೆ ಹುಲ್ಲುಗಾವಲು ಕಿರಿದಾದದ್ದೂ ಇಲ್ಲಿಯೇ. ಎರಡನ್ನೂ ಮಕ್ಕಳು ನೋಡಲಿ. ಮುಂದೆ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗಳ ಒಳಮಠ, ಹೊರಮಠಗಳಿವೆ. ಆ ಮಹಾನುಭಾವರು ಜನರಿಂದ ಕೆರೆ ಕಟ್ಟಿಸಿ, ದುಡಿಮೆಗೆ ತಕ್ಕ ಕೂಲಿಯನ್ನು ಕೊಟ್ಟರೆಂಬ ನಂಬಿಕೆ ಈ ಸೀಮೆಯಲ್ಲಿ ಮನೆಮಾತಾಗಿದೆ. ಬರದ ನಾಡಿನಲ್ಲಿ ಕೆರೆಗಿಂತ ಮಿಗಿಲಾದ ದಾಸೋಹ ಯಾವುದು?

ಮೊಳಕಾಲ್ಮೂರಿನಲ್ಲಿ ಸೈಕಲ್ಲನ್ನು ಗೋಡೆಗೆ ಒರಗಿಸಿ ಕಿವಿಗೊಟ್ಟರೆ ಮಗ್ಗದ ಲಾಳಿಯ ಸದ್ದು ಕೇಳಿಸುತ್ತದೆ. ಮದುವೆಯ ಮನೆಗಳನ್ನು ಬೆಳಗುವ ರೇಷ್ಮೆ ಸೀರೆ ಹುಟ್ಟುವುದು ಅಲ್ಲಿ. ಮುಂದೆ ಚಿನ್ನ ಹಗರಿಯ ಸಮೀಪದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳ ಬಂಡೆಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಗುರುತಿಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ತಾಯಿತಂದೆಯರ ಮಾತು ಕೇಳಬೇಕು, ಗುರುವನ್ನು ಗೌರವಿಸಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು ಎಂಬುದೇ ಆ ಬಂಡೆಯ ಬೋಧೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಮಾತನ್ನು ಮಕ್ಕಳು ಪಠ್ಯಪುಸ್ತಕದಲ್ಲಿ ಓದಿ ಮರೆಯುತ್ತಾರೆ. ಬೆವರು ಸುರಿಸಿ ತಲುಪಿ ಬಂಡೆಯೆದುರು ನಿಂತು ಕೇಳಿದ್ದನ್ನು ಮರೆಯಲಾರರು.

ಆದರೆ ನಾವಿಲ್ಲಿ ಹೇಳಹೊರಟಿರುವುದು ವಿಹಾರದ ಮಾತನ್ನಷ್ಟೇ ಅಲ್ಲ. ಈ ಎರಡು ತಾಲ್ಲೂಕುಗಳ ಹಟ್ಟಿ, ಹಳ್ಳಿಗಳಲ್ಲಿ ಪ್ರೌಢಶಾಲೆ ಮನೆಯ ಬಾಗಿಲಿಗಿಲ್ಲ. ಐದಾರು ಕಿಲೋಮೀಟರ್ ದೂರವೆಂಬ ಒಂದೇ ಕಾರಣಕ್ಕೆ ಹೆಣ್ಣುಮಕ್ಕಳ ಓದು ನಿಂತ ಮನೆಗಳುಂಟು. ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ತೊಡಗಿ, ಬಳಿಕ ಗಂಡುಮಕ್ಕಳಿಗೂ ವಿಸ್ತರಿಸಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. 2023ರ ಜೂನ್ 11ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆತದ್ದು ಒಳ್ಳೆಯದೇ. ಆದರೆ ಶಾಲೆಯ ಹೊತ್ತಿಗೆ ಬಸ್ಸೇ ಬಾರದ ಊರಿಗೆ ಅದರಿಂದೇನು ಫಲ? ಅಲ್ಲಿ ಮಗಳ ಕೈಯಲ್ಲಿರುವ ಸೈಕಲ್ಲೇ ಬಸ್ಸು, ಅದೇ ಧೈರ್ಯ.

ಸೈಕಲ್ಲಿದ್ದ ಮನೆಗಳಲ್ಲಿಯೂ ಒಂದು ವಿಚಿತ್ರವನ್ನು ಕಾಣುತ್ತೇವೆ. ಮಗಳು ದೊಡ್ಡವಳಾದಳೆಂದು ಸೈಕಲ್ಲು ತಮ್ಮನ ಪಾಲಾಗುತ್ತದೆ. "ನಾಲ್ಕು ಜನ ಏನೆಂದಾರು?" ಎಂಬ ಮಾತು ಬರುತ್ತದೆ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಒಬ್ಬಳೇ ನಡೆದ ಅಕ್ಕಮಹಾದೇವಿಯ ಚಿತ್ರಪಟಕ್ಕೆ ಹೂವೇರಿಸುವ ಮನೆಯಲ್ಲಿ, ಐದು ಕಿಲೋಮೀಟರ್ ದೂರದ ಶಾಲೆಗೆ ಮಗಳು ಸೈಕಲ್ ತುಳಿದು ಹೋಗುವುದನ್ನು ತಡೆಯುವುದು ಯಾವ ನ್ಯಾಯ? ಆ ನಾಲ್ಕು ಜನರಿಗಿಂತ ಅಕ್ಕ ನಮಗೆ ಹತ್ತಿರದವಳಲ್ಲವೇ?

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ಲನ್ನು ಹೊರತೆಗೆದು ಎಣ್ಣೆ ಕಾಣಿಸಿರಿ. ತಿಂಗಳಿಗೊಂದು ಭಾನುವಾರ ಮನೆಮಂದಿ ಜೊತೆಯಾಗಿ ಹೊರಡಿರಿ. ಕಾರ್ತಿಕದಿಂದ ಮಾಘದವರೆಗಿನ ಕಾಲ ಇದಕ್ಕೆ ಹಿತ. ಬೇಸಗೆಯಲ್ಲಾದರೆ ಬಿಸಿಲೇರುವ ಮುನ್ನ ಮನೆ ಸೇರಬೇಕು. ಆಷಾಢದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆಯಾದ್ದರಿಂದ, ಹೋಗುವಾಗ ಗಾಳಿಗೆದುರಾಗಿ ಹೋಗಿ, ದಣಿದು ಮರಳುವಾಗ ಅದರ ಒತ್ತಾಸೆ ಪಡೆಯುವುದು ಜಾಣತನ. ಜಾಲಿಮುಳ್ಳು ಟ್ಯೂಬಿನ ಶತ್ರು. ಪಂಚರ್ ಹಾಕುವ ಸಾಮಾನು, ಗಾಳಿಪಂಪು ಜೊತೆಗಿರಲಿ. ಬಳ್ಳಾರಿಯ ಹೆದ್ದಾರಿಯಲ್ಲಿ ಲಾರಿಗಳ ಓಡಾಟ ಹೆಚ್ಚು. ಮಕ್ಕಳೊಡನೆ ಹಳ್ಳಿಯ ದಾರಿಗಳನ್ನೇ ಹಿಡಿಯಿರಿ.

ಮಠಗಳು, ಸಂಘಗಳು, ಊರ ಹಿರಿಯರು ಮಾಡಬೇಕಾದುದೂ ಇದೆ. ದಾರಿಯ ಬದಿಗೆ ಬೇವು, ಹೊಂಗೆ ನೆಡಿಸಬಹುದು. ಜಾತ್ರೆಯಲ್ಲಿ ಬಾಲಕಿಯರಿಗೂ ಒಂದು ಸೈಕಲ್ ಸ್ಪರ್ಧೆ ಏರ್ಪಡಿಸಬಹುದು. ಮದುವೆಯ ಆಡಂಬರದಲ್ಲಿ ಉಳಿಸಿದ ಹಣದಿಂದ ಊರಿನ ಬಡ ವಿದ್ಯಾರ್ಥಿನಿಯೊಬ್ಬಳಿಗೆ ಸೈಕಲ್ ಕೊಡಿಸಬಹುದು, ಅದೂ ದಾಸೋಹವೇ. ಡ್ಯಾನ್ಯೂಬಿನ ದಂಡೆಯವರು ಕುದುರೆಯ ಜಾಡನ್ನು ಮಕ್ಕಳ ಹಾದಿಯಾಗಿಸಿದರು. ವೇದಾವತಿಯಲ್ಲಿ ನೀರು ಬರುವುದು ಮಳೆರಾಯನ ಕೈಯಲ್ಲಿದೆ. ಅವಳ ದಂಡೆಯ ದಾರಿಯಲ್ಲಿ ನಮ್ಮ ಹೆಣ್ಣುಮಕ್ಕಳು ನಿರ್ಭಯವಾಗಿ ಸಾಗುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ.