ಮಿಲ್ಲು, ಗಿರಣಿ, ಬೀಸುಕಲ್ಲು

ಇಂಗ್ಲಿಷಿನ ‘ಮಿಲ್’ ಎಂಬ ಶಬ್ದಕ್ಕೆ ‘ಗಿರಣಿ’ ಎಂದು ಅರ್ಥ ಬರೆಯಿಸಿ ಮುಂದಿನ ಶಬ್ದಕ್ಕೆ ಸಾಗುವುದು ಶಾಲೆಗಳಲ್ಲಿ ಕಾಣುವ ರೂಢಿ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ವಿದ್ಯಾರ್ಥಿಯೊಬ್ಬನು, “ಗೋಕಾಕದ ಮಿಲ್ಲಿನದು ನೂಲುವ ಕೆಲಸ, ನಮ್ಮ ಓಣಿಯ ಗಿರಣಿಯದು ಬೀಸುವ ಕೆಲಸ, ಎರಡಕ್ಕೂ ಒಂದೇ ಹೆಸರು ಹೇಗೆ ಬಂತು?” ಎಂದು ಕೇಳಿದರೆ ಆ ಅರ್ಥ ಸಾಲದು. ಕೇಳಬೇಕಾದ ಪ್ರಶ್ನೆಯೇ ಇದು.

ಶಬ್ದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಮೋಲ’ ಎಂದರೆ ಬೀಸುಕಲ್ಲು. ‘ಮೋಲೆರೆ’ ಎಂದರೆ ಬೀಸುವುದು. ದವಡೆಹಲ್ಲನ್ನು ವೈದ್ಯರು ‘ಮೋಲಾರ್’ ಎನ್ನುವುದೂ ಅದು ಅರೆಯುವ ಹಲ್ಲಾದುದರಿಂದಲೇ. ಹರಿಯುವ ನೀರಿನಿಂದ ಕಲ್ಲನ್ನು ತಿರುಗಿಸಲು ಮನುಷ್ಯನು ಕಲಿತ ಮೇಲೆ, ಕಲ್ಲಿನ ಹೆಸರು ಚಕ್ರವಿದ್ದ ಕಟ್ಟಡಕ್ಕೂ ಹತ್ತಿತು. ಕಾಗದ ಮಾಡುವ, ಮರ ಕೊಯ್ಯುವ ಯಂತ್ರಶಾಲೆಗಳಿಗೂ ಹರಡಿತು. 1771ರಲ್ಲಿ ರಿಚರ್ಡ್ ಆರ್ಕ್‌ರೈಟನು ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಬಲದಿಂದ ಹತ್ತಿಯನ್ನು ನೂಲುವ ಶಾಲೆಯನ್ನು ಕಟ್ಟತೊಡಗಿದಾಗ ಅದೂ ಮಿಲ್ಲೇ ಆಯಿತು. ಅಲ್ಲಿ ಬೀಸುವ ಕಲ್ಲಿರಲಿಲ್ಲ, ತಿರುಗಿಸುವ ನೀರಿತ್ತು.

ಈ ಕಥೆಯನ್ನು ತಿಳಿಯಲು ನಮ್ಮವರು ಕಡಲು ದಾಟಬೇಕಾಗಿಲ್ಲ. ಘಟಪ್ರಭೆಯು ಸುಮಾರು 52 ಮೀಟರು ಎತ್ತರದಿಂದ ಧುಮುಕುವಲ್ಲಿ 1885ರಲ್ಲಿ ಸ್ಥಾಪನೆಯಾದ ಗೋಕಾಕ ಮಿಲ್ಲಿನ ಕಂಪನಿಯ ಮೊದಲ ಹೆಸರಿನಲ್ಲಿಯೇ ‘ವಾಟರ್ ಪವರ್’, ಅಂದರೆ ಜಲಶಕ್ತಿ, ಎಂಬ ಮಾತಿತ್ತು. ನೂಲುವ ಶಾಲೆಗೆ ಬೀಸುಕಲ್ಲಿನ ಹೆಸರು ಬಂದುದೇಕೆಂಬುದಕ್ಕೆ ಆ ಜಲಪಾತವೇ ಉತ್ತರ.

ಇಂಗ್ಲಿಷು ಹಿಟ್ಟಿಗೂ ಎಣ್ಣೆಗೂ ಸಕ್ಕರೆಗೂ ನೂಲಿಗೂ ‘ಮಿಲ್’ ಒಂದನ್ನೇ ದುಡಿಸಿಕೊಳ್ಳುತ್ತದೆ. ನಮ್ಮ ಜನರು ಕೆಲಸವನ್ನು ನೋಡಿ ಹೆಸರಿಟ್ಟರು. ಎಣ್ಣೆ ತೆಗೆಯುವುದು ಗಾಣ. ಜೋಳ ಬೀಸುವುದು ಗಿರಣಿ. ಸಂಕೇಶ್ವರದ ಹಿರಣ್ಯಕೇಶಿಯದು ಸಕ್ಕರೆ ಕಾರ್ಖಾನೆ. ಒಂದು ಇಂಗ್ಲಿಷ್ ಶಬ್ದಕ್ಕೆ ಒಂದೇ ಕನ್ನಡ ಶಬ್ದವನ್ನು ಗಂಟುಹಾಕುವುದು ಎರಡೂ ಭಾಷೆಗಳಿಗೆ ಮಾಡುವ ಅನ್ಯಾಯ.

ಗಿರಣಿ ಬಂದ ಮೇಲೆ ಮನೆಯ ಬೀಸುಕಲ್ಲು ಮೂಲೆ ಸೇರಿತು. ಬೆಳಗಿನ ಜಾವದಲ್ಲಿ ಅದರ ಮುಂದೆ ಕುಳಿತು ದುಡಿಯುತ್ತಿದ್ದ ಹೆಣ್ಣುಮಕ್ಕಳ ತೋಳಿಗೆ ವಿಶ್ರಾಂತಿ ದೊರೆಯಿತು. ಆ ದುಡಿತ ಮರಳಿ ಬರಲೆಂದು ಯಾರೂ ಹಾರೈಸಬೇಕಾಗಿಲ್ಲ. ಆದರೆ ಕಲ್ಲಿನೊಡನೆ ಬೀಸುವ ಪದಗಳೂ ಮನೆಗಳಿಂದ ದೂರವಾದವು. ಉಳಿದುದು ಒಂದು ಕ್ರಿಯಾಪದ. ವಿದ್ಯುತ್ತಿನ ಗಿರಣಿಗೆ ಹೊರಟವರೂ ಇಂದಿಗೂ ‘ಜ್ವಾಳಾ ಬೀಸಿಕೊಂಡ ಬರತೀನಿ’ ಎನ್ನುತ್ತಾರೆ. ಯಂತ್ರದ ಹೆಸರು ಬದಲಾಯಿತು. ಕೆಲಸದ ಹೆಸರು ಅಳಿಯಲಿಲ್ಲ.

ಅಧ್ಯಾಪಕರಲ್ಲಿ ನಮ್ಮದೊಂದು ವಿನಂತಿ. ‘ಮಿಲ್’ ಶಬ್ದದ ಪಾಠ ಬಂದ ದಿನ ವಿದ್ಯಾರ್ಥಿಗಳನ್ನು ಮನೆಯ ಅಜ್ಜಿಯರ ಬಳಿಗೆ ಕಳುಹಿಸಿ, ಬೀಸುಕಲ್ಲಿನ ಒಂದೊಂದು ಭಾಗದ ಹೆಸರನ್ನೂ ಕೇಳಿ ಬರೆದು ತರಲು ಹೇಳಬೇಕು. ಲ್ಯಾಟಿನ್ನಿನ ಬೀಸುಕಲ್ಲಿಗೆ ನಿಘಂಟಿನ ಆಸರೆ ದೊರೆತಿದೆ. ನಮ್ಮ ಕಲ್ಲಿನ ಮಾತುಗಳನ್ನು ಬಲ್ಲವರಾದರೋ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.